ಬಂಡಮ್ಮನ ಕವಣೆ

ಕರಿಗುಂಟಾದ ಬಂಡಮ್ಮ ಎಡಚಿ. ರೊಟ್ಟಿ ಬಡಿಯುವುದು, ಕುಡುಗೋಲು ಹಿಡಿಯುವುದು, ಕವಣೆ ಬೀಸುವುದು ಎಲ್ಲವೂ ಎಡಗೈಯಲ್ಲೇ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಇದಕ್ಕೆ ದಿನಾ ಬೈಯುತ್ತಿದ್ದಳಂತೆ. ಮೊದಲ ವರ್ಷ ಸೊಸೆ ಕಾಯ್ದ ಹೊಲದಲ್ಲಿ ಗಿಣಿ ಕೂತ ತೆನೆ ಒಂದೂ ಸಿಗದಿದ್ದಾಗ ಬೈಯುವುದು ಬಿಟ್ಟಳು.

ಆ ಹೊಲ ನನ್ನ ತಾಯಿಯ ತಂದೆ ಮಾಣಿಕಪ್ಪನದು. ಈ ಸಂಗತಿಗಳಲ್ಲಿ ಅರ್ಧ ನಾನು ಅಜ್ಜನಿಂದ ಕೇಳಿದ್ದು, ಉಳಿದರ್ಧ ಬಂಡಮ್ಮನಿಂದಲೇ ಕೇಳಿದ್ದು. ಇಬ್ಬರ ಮಾತೂ ಕೂಡದ ಕಡೆ ನಾನು ಬಂಡಮ್ಮನ ಮಾತನ್ನೇ ನಂಬಿದ್ದೇನೆ. ಅಜ್ಜನಿಗೆ ಕೆಲವು ವಿಷಯ ಮರೆಯುವ ಅಗತ್ಯವಿತ್ತು. ಅವಳಿಗೆ ಇರಲಿಲ್ಲ.

ಕರಿಗುಂಟಾ ಜಹೀರಾಬಾದಿನಿಂದ ಮಾಂಜರಾ ಹೊಳೆಯ ಕಡೆಗೆ ನಾಲ್ಕು ಹರದಾರಿ. ಹೊಳೆ ದಾಟಿದರೆ ನಾರಾಯಣಖೇಡದ ಸೀಮೆ. ಊರಲ್ಲಿ ಲಿಂಗವಂತರ ಮನೆಗಳು ಹೆಚ್ಚು, ಪೂರ್ವಕ್ಕೆ ಬಂಡಮ್ಮನ ಕೇರಿ, ಕೇರಿಗೂ ಊರಿಗೂ ನಡುವೆ ಹತ್ತಿ ಎಕ್ಕುವ ಪಿಂಜಾರರ ಒಂಬತ್ತು ಮನೆ. ಬಂಡಮ್ಮ ಹುಟ್ಟಿದ್ದು ತಾಂಡೂರಿನಲ್ಲಿ, ಫರಸಿ ಕಲ್ಲು ಒಡೆಯುವವರ ಮನೆಯಲ್ಲಿ. ಕಲ್ಲಿನ ಗುಣ ಅವಳಿಗೆ ಕೈಯಲ್ಲೇ ತಿಳಿಯುತ್ತಿತ್ತು. ಹಳ್ಳದ ಉರುಟು ಕಲ್ಲುಗಳನ್ನು ಆರಿಸಿ, ಅಂಗೈಯಲ್ಲಿ ಕುಣಿಸಿ, ಇದು ನೆಟ್ಟಗೆ ಹೋಗ್ತದ, ಇದು ಹೊರಳತದ ಎಂದು ಬೇರೆ ಮಾಡುತ್ತಿದ್ದಳು. ತೆನೆ ಹಾಲುಗಟ್ಟುವ ಹೊತ್ತಿಗೆ ಹೊಲದ ನಡುವೆ ನಾಲ್ಕು ಕಂಬದ ಅಟ್ಟ ಕಟ್ಟುತ್ತಾರಲ್ಲ, ಅದರ ಮೇಲೆ ನಿಂತು ಪುಂಡಿ ನಾರಿನ ಕವಣೆಗೆ ಕಲ್ಲಿಟ್ಟು ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಟ್ಟರೆ ಚಟ್ಟನೆ ಸದ್ದಾಗುತ್ತಿತ್ತು. ಹಕ್ಕಿಗೆ ತಾಗಿಸುತ್ತಿರಲಿಲ್ಲ. ತೆನೆಗೆ ಒಂದು ಗೇಣು ದೂರದಲ್ಲಿ ಕಲ್ಲು ಹಾದುಹೋಗುತ್ತಿತ್ತು, ಹಿಂಡು ಎದ್ದು ಹೋಗುತ್ತಿತ್ತು.

ಗಂಡ ಅಂಜಪ್ಪ ಹೊಳೆಯ ಮನುಷ್ಯ. ಮಾಂಜರಾದಲ್ಲಿ ಎಲ್ಲಿ ಮೊಣಕಾಲು ನೀರು, ಎಲ್ಲಿ ಕಾಲು ಹೂಳುವ ಕೆಸರು ಎಂಬುದು ಅವನಷ್ಟು ಯಾರಿಗೂ ಗೊತ್ತಿರಲಿಲ್ಲ. ಕಡಿಮೆ ಮಾತಿನವನು. ಬಂಡಮ್ಮ ಸಿಟ್ಟಿಗೆದ್ದಾಗ ಒಂದು ಚಿಲುಮೆ ಹಚ್ಚಿಕೊಂಡು ಹೊರಗೆ ಕೂತುಬಿಡುತ್ತಿದ್ದ. ಇಬ್ಬರಿಗೂ ಮಕ್ಕಳಾಗಲಿಲ್ಲ. ಅದಕ್ಕಾಗಿ ಇನ್ನೊಂದು ಮದುವೆ ಮಾಡಿಕೋ ಎಂದವರಿಗೆ ಅವನು, "ಇಕಿ ಒಬ್ಬಾಕಿ ಕವಣಿ ಸಾಕು, ಇನ್ನೊಬ್ಬಾಕಿ ಬಂದ್ರ ನಾ ಉಳಿಯಂಗಿಲ್ಲ" ಅನ್ನುತ್ತಿದ್ದನಂತೆ.

ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಸೀಮೆಗೆ ಬಂದಿರಲಿಲ್ಲ. ನಿಜಾಮನ ರಾಜ್ಯ ನಿಜಾಮನದೇ ಆಗಿ ಉಳಿಯಬೇಕೆಂದು ರಜಾಕಾರರ ದಂಡುಗಳು ಎದ್ದಿದ್ದವು. ನಮ್ಮೂರಿಗೆ ಎರಡು ಹರದಾರಿಯಲ್ಲಿ ಒಂದು ಹಾಳು ಗಢಿ, ಹಳೆಯ ಕಾಲದ ಕೋಟೆಮನೆ, ಇತ್ತು. ಅಲ್ಲಿ ಬಂದೂಕು ತಲವಾರು ಹಿಡಿದ ಮೂವತ್ತು ಜನ ಬಂದು ಇಳಿದರು. ಅವರ ಮುಖಂಡನನ್ನು ಎಲ್ಲರೂ ಸಾಲಾರ ಎಂದೇ ಕರೆಯುತ್ತಿದ್ದರು, ಹೆಸರು ಯಾರಿಗೂ ಗೊತ್ತಿರಲಿಲ್ಲ. ಬಿಳಿ ಕುದುರೆ, ಖಾಕಿ ಕೋಟು, ಎಲೆ ಅಡಿಕೆಯಿಂದ ಕೆಂಪಾದ ಬಾಯಿ. ವಾರಕ್ಕೊಂದು ಊರು. ಕಾಳು ಹೊತ್ತರು, ಹೆಂಗಸರನ್ನು ಎಳೆದರು, ಎದುರು ನಿಂತವರನ್ನು ಕೊಂದರು. ಹೊಳೆಯಾಚೆಯ ಊರುಗಳಿಂದ ಜನ ಕೂಸು ಕುನ್ನಿ ಕಟ್ಟಿಕೊಂಡು ಸೊಲ್ಲಾಪುರದ ಕಡೆಯ ಕ್ಯಾಂಪುಗಳಿಗೆ ಓಡತೊಡಗಿದರು. ಅವರನ್ನು ಮಾಂಜರಾ ದಾಟಿಸಿ, ಜಹೀರಾಬಾದಿನ ಹೊರಗಿನ ದಾರಿಗೆ ಮುಟ್ಟಿಸಿ ಬರುವ ಕೆಲಸ ಅಂಜಪ್ಪ ತಾನಾಗಿ ಮೈಮೇಲೆ ಎಳೆದುಕೊಂಡ. ಮೂರು ತಿಂಗಳಲ್ಲಿ ಎಷ್ಟು ಸಂಸಾರ ದಾಟಿಸಿದನೋ. ಬಂಡಮ್ಮ ಕೇಳಿದರೆ, "ನೀರಾಗ ನಿಂತಾಗ ಎಣಿಸಾಕ ಆಗತದೇನ?" ಅನ್ನುತ್ತಿದ್ದ.

ಪುಷ್ಯ ಮಾಸ. ಹಿಂಗಾರಿ ಜೋಳ ಆಳೆತ್ತರ ಬೆಳೆದು ಹಾಲುಗಟ್ಟಿತ್ತು. ಬಿಸಿಲು ಏರಿದ ಹೊತ್ತು ಬಂಡಮ್ಮ ಅಟ್ಟದ ಮೇಲಿದ್ದಳು. ಊರ ಕಡೆ ಧೂಳೆದ್ದಿತು. ಬಿಳಿ ಕುದುರೆ ಕಂಡಿತು. ಚಾವಡಿಯ ಮುಂದಿನ ಹುಣಸೆ ಮರದ ಹತ್ತಿರ ಜನ ಕೂಡಿದರು. ಮರಕ್ಕೆ ಯಾರನ್ನೋ ಕಟ್ಟುತ್ತಿದ್ದರು. ಆ ದೂರಕ್ಕೆ ಮುಖ ಕಾಣುವುದಿಲ್ಲ. ಆದರೆ ಹೆಗಲ ಮೇಲಿನ ಹಳದಿ ಅಂಚಿನ ಟವೆಲ್ಲು ಕಂಡಿತು. ಅದನ್ನು ಅವಳೇ ಹಿಂದಿನ ದಿನ ಒಗೆದು ಒಣಗಿಸಿ ಕೊಟ್ಟಿದ್ದಳು.

ಬಂಡಮ್ಮ ಕವಣೆಗೆ ಕಲ್ಲಿಟ್ಟು ಬೀಸಿದಳು. ಕಲ್ಲು ಹೊಲ ದಾಟಿತು, ಹಳ್ಳ ದಾಟಿತು, ಮರಕ್ಕೆ ಮೂವತ್ತು ಹೆಜ್ಜೆ ಇರುವಾಗ ಮಣ್ಣಿಗೆ ಬಿತ್ತು. ಇನ್ನೊಂದು ಬೀಸಿದಳು. ಅದೂ ಅಲ್ಲೇ ಬಿತ್ತು. ಮೂರನೆಯದು ಕೈಯಲ್ಲಿರುವಾಗ ಬಂದೂಕಿನ ಸದ್ದಾಯಿತು. ಹೊಲದ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

ಅಟ್ಟದಿಂದ ಇಳಿದು ಓಡಿ ಊರು ಮುಟ್ಟುವ ಹೊತ್ತಿಗೆ ದಂಡು ಹೊರಟುಹೋಗಿತ್ತು. ಹೆಣವನ್ನು ಮರದಿಂದ ಬಿಡಿಸಲು ಯಾರೂ ಮುಂದೆ ಬಂದಿರಲಿಲ್ಲ. ಬಿಡಿಸಿದವರ ಹೆಸರು ಮುಂದಿನ ಸಲಕ್ಕೆ ಬರುತ್ತದೆಂದು ಸಾಲಾರ ಹೇಳಿ ಹೋಗಿದ್ದ. ಪಿಂಜಾರರ ಮೌಲಾಬಿ ಒಬ್ಬಳೇ ಕೊಡ ತಂದು ಮರದ ಬುಡಕ್ಕೆ ಇಟ್ಟು ಹಗ್ಗ ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿ ಬೆರಳು ಕಿತ್ತು ರಕ್ತ ಬಂದಿತ್ತು.

"ಬಂಡಮ್ಮಾ, ಕಾಲ ಕಡಿ ಹಿಡಿ," ಅಂದಳು.

ಇಬ್ಬರೇ ಹೆಣ ಇಳಿಸಿದರು. ಅದನ್ನು ಕಂಡು ಮೌಲಾಬಿಯ ಗಂಡ ಲಾಡ್ಲೇಸಾಬ ಬಂದ, ಕೇರಿಯ ಸಾಯಮ್ಮ ಬಂದಳು, ಕೊನೆಗೆ ನಮ್ಮಜ್ಜ ಮಾಣಿಕಪ್ಪ ಬಂದ. ಪಾಟೀಲ ಶಿವರಾಯ ಚಾವಡಿಯ ಕಟ್ಟೆಯ ಮೇಲೆ ನಿಂತೇ ನೋಡಿದ. ಊರ ಗೌಡಿಕೆ ಅವನದು, ಬಂದವರಿಗೆ ಚಹಾ ಮಾಡಿಸಿ ಕೊಟ್ಟವನೂ ಅವನೇ. ಹೆದರಿಕೆಗೆ ಹಾಗೆ ಮಾಡಿರಬೇಕೆಂದು ಊರವರು ತಿಳಿದರು.

ಮಣ್ಣು ಮಾಡಿ ಬಂದ ಮೇಲೆ ಬಂಡಮ್ಮ ಅಳಲಿಲ್ಲ. ಹೆಂಗಸರು ಸುತ್ತ ಕೂತು ಹಾಡಿ ಅತ್ತರು, ಅವಳು ಗೋಡೆಗೆ ಒರಗಿ ಕೂತು ಒಂದೇ ಮಾತು ಕೇಳಿದಳು.

"ಅಂವ ಹೊಳಿ ದಾಟಸ್ತಾನ ಅಂತ ಅವರಿಗಿ ಹೇಳಿದಾಂವ ಯಾರು?"

ಗೊತ್ತಿದ್ದವರಿಗೆ ಹೆದರಿಕೆ ಇತ್ತು, ಉಳಿದವರಿಗೆ ಗೊತ್ತಿರಲಿಲ್ಲ.

"ಹೇಳಬ್ಯಾಡ್ರಿ," ಅಂದಳು. "ನಾ ಹುಡಕ್ತೀನಿ. ಸಾಲಾರಂದು ಒಂದು, ಇಂವಂದು ಒಂದು. ಎರಡು ಸಾವು ನನಗ ಬರಬೇಕಾಗ್ಯದ."

ಮೂರನೆಯ ದಿನಕ್ಕೆ ಮತ್ತೆ ಅಟ್ಟ ಹತ್ತಿದಳು. ಹಕ್ಕಿ ಕಾಯುವುದು ನೆಪ. ಜಾಲಿ ಗಿಡಕ್ಕೆ ಒಡಕು ಗಡಿಗೆ ತೂಗುಹಾಕಿ ಹೊಡೆಯುತ್ತಿದ್ದಳು. ಮೊದಲು ಐವತ್ತು ಹೆಜ್ಜೆಯಿಂದ, ಆಮೇಲೆ ಎಂಬತ್ತರಿಂದ, ಆಮೇಲೆ ನೂರ ಇಪ್ಪತ್ತರಿಂದ. ಕವಣೆಯನ್ನು ಬಿಚ್ಚಿ ಇನ್ನೊಂದು ಮೊಳ ಉದ್ದವಾಗಿ ಹೆಣೆದಳು. ಕೈಯ ಬೆರಳ ಸಂದಿ ಒಡೆದು ಕೀವಾಯಿತು. ಅರಿಶಿಣ ಮೆತ್ತಿಕೊಂಡು ಮತ್ತೆ ಹೊಡೆದಳು. ಆ ಮೂವತ್ತು ಹೆಜ್ಜೆ ಅವಳನ್ನು ತಿನ್ನುತ್ತಿತ್ತು. ಮೂವತ್ತು ಹೆಜ್ಜೆ ಮುಂದೆ ಬಿದ್ದಿದ್ದರೆ ಅಂಜಪ್ಪ ಬದುಕುತ್ತಿದ್ದನೆಂದೇನಲ್ಲ. ಒಬ್ಬನಾದರೂ ಅವನ ಜೊತೆಗೆ ಸಾಯುತ್ತಿದ್ದ.

ಒಂದು ದಿನ ಅಜ್ಜ ಹೊಲಕ್ಕೆ ಹೋದಾಗ ರಾಶಿ ಗಡಿಗೆ ಚೂರು ಕಂಡು ನಿಂತ.

"ಏನ್ ಮಾಡ್ಲತ್ತಿ ಬಂಡೀ?"

"ಹಕ್ಕಿ ಹೊಡೀಲತ್ತೀನ್ರಿ ಮಾಲಕ್ರ."

"ಗಡಿಗಿ ಒಡದು?"

"ತಲಿ ಸಿಗೂ ತನಕ ಗಡಿಗ್ರಿ."

ಅಜ್ಜ ಅಟ್ಟದ ನೆರಳಿಗೆ ಕೂತ. ಅವನ ತಂಗಿಯನ್ನು ಕೊಟ್ಟ ಊರಿನಲ್ಲಿ ಹದಿನೈದು ದಿನದ ಹಿಂದೆ ದಂಡು ಹೊಕ್ಕಿತ್ತು. ತಂಗಿ ಬಾವಿಗೆ ಬಿದ್ದು ಸತ್ತಿದ್ದಳು. ಅದನ್ನು ಅವನು ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ಜ್ವರ ಬಂದು ಹೋದಳು ಅಂದಿದ್ದ. ಆ ದಿನ ಬಂಡಮ್ಮನ ಮುಂದೆ ಹೇಳಿದ.

"ನೀ ಒಬ್ಬಾಕಿ ಎಷ್ಟ ಮಂದಿಗಿ ಹೊಡೀತಿ?" ಅಂದ ಕೊನೆಗೆ.

"ನಾ ಒಬ್ಬಾಕಿ ಯಾಕ ಹೊಡೀಲಿ? ಪ್ರತಿ ಹೊಲದಾಗ ಒಂದು ಅಟ್ಟ ಅದ, ಪ್ರತಿ ಅಟ್ಟದ ಮ್ಯಾಲ ಒಬ್ಬಾಕಿ ಹೆಣ್ಮಗಳ ಕೈಯಾಗ ಕವಣಿ ಅದ. ನೀವು ಗಂಡಸರು ನಮ್ಮನ್ನ ನೋಡಂಗಿಲ್ಲ, ಅವರೂ ನೋಡಂಗಿಲ್ಲ. ಹೊಲದಾಗ ಒದರೂ ಹೆಂಗಸರನ್ನ ಯಾರು ನೋಡ್ತಾರ್ರಿ?"

ಹಾಗೆ ಶುರುವಾಯಿತು. ಬೇಸಿಗೆಯಲ್ಲಿ ಹೊಲ ಖಾಲಿಯಿದ್ದಾಗ ಕೇರಿಯ ಹಿಂದಿನ ಹಳ್ಳದಲ್ಲಿ ಅವಳು ಹೆಂಗಸರಿಗೆ ಕಲಿಸಿದಳು. ಮೊದಲು ಸಾಯಮ್ಮ, ಆಮೇಲೆ ಮೌಲಾಬಿ ಮತ್ತು ಅವಳ ಇಬ್ಬರು ನಾದಿನಿಯರು, ಆಮೇಲೆ ಲಿಂಗವಂತರ ಮನೆಯ ಸೊಸೆಯಂದಿರು. ಮೇಲಿನ ಕೇರಿಯವರು ಕೆಳಗಿನ ಕೇರಿಯವಳ ಕೈ ಹಿಡಿದು ಕಲಿಯುವುದು ಹೇಗೆ ಎಂದು ಒಂದಿಬ್ಬರು ಮುದುಕಿಯರು ಗೊಣಗಿದರು. ಬಂಡಮ್ಮ, "ಕೈ ಮುಟ್ಟಬ್ಯಾಡ್ರಿ, ಕಲ್ಲ ಮುಟ್ರಿ" ಅಂದಳು. ಚಾವಡಿಯವರು ಕೇಳಿದರೆ ಹಕ್ಕಿ ಕಾಯಲು ಕಲಿಯುತ್ತಿದ್ದೇವೆ ಅನ್ನುತ್ತಿದ್ದರು. ಮಳೆಗಾಲಕ್ಕೆ ನಲವತ್ತು ಜನ ಸಿದ್ಧರಾಗಿದ್ದರು.

ಇನ್ನೊಂದು ಕೆಲಸವನ್ನೂ ಅವಳು ಮಾಡಿದಳು. ಗಢಿಯಿಂದ ನಮ್ಮೂರಿಗೆ ಬರುವ ದಾರಿಯಲ್ಲಿ ನಾಲ್ಕು ಊರಿನ ಹೊಲಗಳಿದ್ದವು. ಕಳೆ ತೆಗೆಯುವ ಕೂಲಿಯ ನೆಪದಲ್ಲಿ ಆ ನಾಲ್ಕೂ ಊರಿಗೆ ಹೋಗಿ ಹಕ್ಕಿ ಕಾಯುವ ಹೆಂಗಸರನ್ನು ಕಂಡು ಮಾತಾಡಿ ಬಂದಳು. ಗಿಣಿ ಬಂದರೆ ಗಿಣಿ ಅಂತ ಕೂಗುವುದು, ಗುಬ್ಬಿ ಬಂದರೆ ಗುಬ್ಬಿ ಅಂತ ಕೂಗುವುದು ಎಲ್ಲರಿಗೂ ರೂಢಿ. ದಂಡು ಕಂಡರೆ 'ಗಿಡಗ' ಅಂತ ಕೂಗಬೇಕು. ಗಿಡಗ ಮಾಂಸ ತಿನ್ನುವ ಹಕ್ಕಿ, ತೆನೆಗೆ ಬರುವುದಿಲ್ಲ. ಹೊರಗಿನವರಿಗೆ ಅದು ಹೊಳೆಯುವುದಿಲ್ಲ. ಒಂದು ಅಟ್ಟದ ಕೂಗು ಮುಂದಿನ ಅಟ್ಟಕ್ಕೆ ಕೇಳುತ್ತದೆ, ಅಲ್ಲಿಂದ ಮುಂದಕ್ಕೆ. ಕುದುರೆ ಒಂದು ಹರದಾರಿ ನಡೆಯುವುದರೊಳಗೆ ಕೂಗು ಎರಡು ಹರದಾರಿ ಮುಟ್ಟುತ್ತದೆ.

ಭಾದ್ರಪದದಲ್ಲಿ ಸಜ್ಜೆ ತೆನೆ ಬಲಿತವು. ಅಟ್ಟಗಳು ಎದ್ದವು. ಗಣಪತಿ ಹಬ್ಬದ ಮರುದಿನ ಮುಂಜಾನೆ ಬಂಡಮ್ಮನಿಗೆ ಕೂಗು ಕೇಳಿತು.

"ಗಿಡಗ ಬಂದಾವ, ಹೋ! ಹದಿನೆಂಟು ಗಿಡಗ, ಹೋ!"

ಅವಳು ಊರ ಕಡೆ ತಿರುಗಿ ಅದೇ ಕೂಗು ಕೂಗಿದಳು. ಗಂಡಸರು ಮುಂಚೆಯೇ ಮಾತಾಡಿಕೊಂಡಂತೆ ಜಾಲಿ ಮುಳ್ಳಿನ ಹೊರೆಗಳನ್ನು ಎಳೆದು ತಂದು ಬಂಡಿ ದಾರಿಯ ಈಚೆ ತುದಿಗೆ ಒಟ್ಟಿದರು. ಆ ದಾರಿ ಎರಡು ಎತ್ತರದ ಬದುಗಳ ನಡುವೆ ಹಾಯುತ್ತದೆ, ಒಂದು ಬಂಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲ. ಎರಡೂ ಬದುವಿನ ಮೇಲೆ ಆಳೆತ್ತರದ ಸಜ್ಜೆ. ಹೆಂಗಸರು ಅದರೊಳಗೆ ಕೂತರು. ಸೀರೆ ಉಡಿಯ ತುಂಬ ಹಳ್ಳದ ಕಲ್ಲು.

ದಂಡು ಹಾಡಿಕೊಂಡು ಬಂತು. ಮುಂದೆ ಬಿಳಿ ಕುದುರೆ. ಮುಳ್ಳು ಕಂಡು ಸಾಲಾರ ಕುದುರೆ ನಿಲ್ಲಿಸಿದ. ಹಿಂದಿನವರು ಬಂದು ಮುಂದಿನವರಿಗೆ ಒತ್ತಿದರು. ಹಿಂದೆ ನಮ್ಮಜ್ಜ ಹತ್ತು ಜನರೊಂದಿಗೆ ಇನ್ನೊಂದು ಹೊರೆ ಮುಳ್ಳು ಎಳೆದು ದಾರಿ ಮುಚ್ಚಿದ.

ಬಂಡಮ್ಮ ಎದ್ದು ನಿಂತಳು. ನಲವತ್ತು ಹೆಜ್ಜೆ ಕೂಡ ಇರಲಿಲ್ಲ. ಅಷ್ಟು ಹತ್ತಿರಕ್ಕೆ ಅವಳು ಆ ಎಂಟು ತಿಂಗಳಲ್ಲಿ ಒಮ್ಮೆಯೂ ಹೊಡೆದಿರಲಿಲ್ಲ. ಕಲ್ಲು ಸಾಲಾರನ ಕಿವಿಯ ಮೇಲಕ್ಕೆ ಬಿತ್ತು. ಅವನು ಕೈ ಎತ್ತಲೂ ಇಲ್ಲ, ಕುದುರೆಯಿಂದ ಒಂದೇ ಕಡೆಗೆ ಜಾರಿದ.

ಆಮೇಲೆ ನಲವತ್ತು ಕವಣೆಗಳ ಸದ್ದು. ಮೂರು ಬಂದೂಕುಗಳಲ್ಲಿ ಒಂದಕ್ಕೆ ಮಾತ್ರ ಗುರಿಯಿಡಲು ಸಮಯ ಸಿಕ್ಕಿತು. ಆ ಗುಂಡು ಸಾಯಮ್ಮನ ಎದೆಗೆ ಹೊಕ್ಕಿತು. ಅವಳು ಬದುವಿನ ಮೇಲೆಯೇ ಕೂತು, ಕವಣೆಯನ್ನು ಪಕ್ಕದವಳ ಕೈಗೆ ಕೊಟ್ಟು ಒರಗಿದಳಂತೆ. ದಂಡಿನ ಐದು ಜನ ಅಲ್ಲೇ ಸತ್ತರು. ಉಳಿದವರು ಬಂದೂಕು, ತಲವಾರು, ಕೆಲವರು ಚಪ್ಪಲಿಯನ್ನೂ ಬಿಟ್ಟು ಮುಳ್ಳಿನ ಮೇಲೆಯೇ ಹಾದು ಓಡಿದರು. ಬದುಕಿದವರಲ್ಲಿ ಯಾರೂ ತಿರುಗಿ ಗಢಿಗೆ ಬರಲಿಲ್ಲ, ಅಲ್ಲಿ ಉಳಿದಿದ್ದವರೂ ರಾತ್ರಿಯೇ ಜಾಗ ಬಿಟ್ಟರು. ಮರುದಿನ ನಾಲ್ಕು ಊರಿನವರು ಕೂಡಿ ಹೋಗಿ ಗಢಿಯ ಬಾಗಿಲು ಕಿತ್ತರು.

ಸಾಲಾರ ಸತ್ತಿರಲಿಲ್ಲ. ದಾರಿಯ ಮಗ್ಗುಲಿಗೆ ಬಿದ್ದು ನೀರು ಕೇಳುತ್ತಿದ್ದ. ಗಂಡಸರು ಕೊಡಲಿ ಎತ್ತಿದರು.

"ಯಾರೂ ಮುಟ್ಟಬ್ಯಾಡ್ರಿ," ಅಂದಳು ಬಂಡಮ್ಮ. "ಇಂವ ನನ್ನಾಂವ."

ಅವನ ಪಕ್ಕ ಕೂತಳು. ಅವಳಿಗೆ ದಖನಿ ಉರ್ದು ಚೆನ್ನಾಗಿ ಬರುತ್ತಿತ್ತು, ತಾಂಡೂರಿನ ಖಣಿಯಲ್ಲಿ ಎಲ್ಲರೂ ಅದನ್ನೇ ಆಡುತ್ತಿದ್ದರು. ನಾನು ಅಂಜಪ್ಪನ ಹೆಂಡತಿ ಎಂದು ಹೇಳಿದಳು.

ಸಾಲಾರ ಕಣ್ಣು ತಿರುಗಿಸಿ ನೋಡಿದ. "ಯಾವ ಅಂಜಪ್ಪ?"

ಬಂಡಮ್ಮ ನನಗೆ ಇದನ್ನು ಹೇಳುವಾಗ ಮೂವತ್ತು ವರ್ಷ ಕಳೆದಿತ್ತು. ಆಗಲೂ ಅವನ ಆ ಮಾತನ್ನು ಎರಡು ಸಲ ಹೇಳಿದಳು. ಎಂಟು ತಿಂಗಳು ಅವಳು ಈ ಮನುಷ್ಯನನ್ನು ಬಿಟ್ಟು ಬೇರೇನೂ ಯೋಚಿಸಿರಲಿಲ್ಲ. ಅವನಿಗೆ ಅಂಜಪ್ಪನ ನೆನಪೇ ಇರಲಿಲ್ಲ.

"ಹುಣಸಿ ಮರ," ಅಂದಳು. "ಹೊಳಿ ದಾಟಸಾಂವ. ಹಳದಿ ಟವೆಲ್."

ಹೆಸರು ತನಗೆ ಹೇಗೆ ಗೊತ್ತಿರಬೇಕು ಅಂದ ಅವನು. ಪ್ರತಿ ಊರಿನಿಂದ ಚೀಟಿ ಬರುತ್ತಿತ್ತು, ಚೀಟಿಯಲ್ಲಿದ್ದವರನ್ನು ಹಿಡಿಯುತ್ತಿದ್ದೆವು. ನಿಮ್ಮೂರಿನ ಚೀಟಿ ನಿಮ್ಮ ಪಾಟೀಲನೇ ಬರೆಯುತ್ತಿದ್ದ.

ಸುತ್ತ ನಿಂತವರಿಗೆಲ್ಲ ಅದು ಕೇಳಿತು. ಲಾಡ್ಲೇಸಾಬ ತಲೆ ತಗ್ಗಿಸಿ ಮುಂದೆ ಬಂದ. "ಖರೇ ಅದ ಬಂಡಮ್ಮಾ. ಗಢಿಗಿ ಗಾದಿ ತುಂಬಾಕ ಹೋದಾಗ ಶಿವರಾಯಗೌಡನ್ನ ನಾ ಅಲ್ಲಿ ಎರಡು ಸಲ ನೋಡೀನಿ. ಹೇಳಿದ್ರ ನನ್ನ ಮಕ್ಕಳನ್ನ ಉಳಿಸಂಗಿಲ್ಲ ಅಂದಿದ್ದ. ಮಾಫ್ ಮಾಡು."

ಬಂಡಮ್ಮ ಅವನ ಕಡೆ ನೋಡಲಿಲ್ಲ. ಸಾಲಾರನ ಮೇಲೆ ಬಾಗಿದಳು. "ಅಂಜಪ್ಪ ಅನ್ನು."

ಅವನು ನೀರು ಅಂದ.

"ಮೊದಲ ಅಂಜಪ್ಪ ಅನ್ನು. ಆಮ್ಯಾಲ ನೀರು."

ಅವನು ಅಂದ. ಇನ್ನೊಮ್ಮೆ ಅನ್ನಿಸಿದಳು. ಮೂರು ಸಲ ಅನ್ನಿಸಿ ಮೌಲಾಬಿಯ ಕೈಯಿಂದ ಚರಿಗೆ ತೆಗೆದುಕೊಂಡು ಬಾಯಿಗೆ ನೀರು ಬಿಟ್ಟಳು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವನು ಸತ್ತ. "ನನಗ ಏನೂ ಮರುಕ ಬರ್ಲಿಲ್ಲ," ಅನ್ನುತ್ತಿದ್ದಳು. "ನೀರು ಯಾಕ ಕೊಟ್ಟಿ ಅಂತ ಕೇಳ್ತಿರೇನ? ಮಾತು ಕೊಟ್ಟಿದ್ದೆ, ಅದಕ್ಕ."

ಅಲ್ಲಿಂದ ಎದ್ದವಳು ನೇರ ಪಾಟೀಲನ ಮನೆಗೆ ಹೋದಳು. ಬಾಗಿಲಿಗೆ ಬೀಗ. ಸಾಲಾರ ಬಿದ್ದ ಸುದ್ದಿ ಕೇಳುತ್ತಲೇ ಶಿವರಾಯ ಹಿತ್ತಿಲಿನಿಂದ ಹೊರಬಿದ್ದು ತಾಂಡೂರಿನ ಬೀಗರ ಮನೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಬಂಡಮ್ಮ ಆ ಬೀಗದ ಮುಂದೆ ಕಟ್ಟೆಯ ಮೇಲೆ ಸಂಜೆಯವರೆಗೆ ಕೂತಳು.

ಒಂದು ವಾರದಲ್ಲಿ ಹಿಂದುಸ್ತಾನದ ಫೌಜು ಬಂತು. ಸೊಲ್ಲಾಪುರದ ಸಡಕಿನ ಮೇಲೆ ಜಹೀರಾಬಾದಿನ ಮೂಲಕ ಉಕ್ಕಿನ ಗಾಡಿಗಳು ಹೋದವು, ನಿಜಾಮ ಶರಣಾದ. ಜನ ಕುಣಿದರು. ಆದರೆ ಕುಣಿತ ಮುಗಿಯುವ ಮೊದಲೇ ಇನ್ನೊಂದು ಸುದ್ದಿ ಬರತೊಡಗಿತು. ಆ ಊರಿನಲ್ಲಿ ಸಾಬರ ಮನೆ ಸುಟ್ಟರಂತೆ, ಈ ಊರಿನಲ್ಲಿ ಹೆಣಗಳಿಂದ ಬಾವಿ ತುಂಬಿದರಂತೆ. ರಜಾಕಾರರು ಓಡಿಹೋಗಿದ್ದರು. ಸಿಕ್ಕವರು ದರ್ಜಿಗಳು, ಪಿಂಜಾರರು, ಒಕ್ಕಲುತನದ ಸಾಬರು. ಮೌಲಾಬಿ ಮೂರು ದಿನ ಒಲೆ ಹಚ್ಚಲಿಲ್ಲ. ಹೊಗೆ ಕಂಡರೆ ಮನೆಯಲ್ಲಿ ಜನ ಇದ್ದಾರೆಂದು ಗೊತ್ತಾಗುತ್ತದೆಂಬ ಹೆದರಿಕೆ. ರೊಟ್ಟಿ ಬಂಡಮ್ಮನ ಮನೆಯಿಂದ ಹೋಗುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ಎರಡು ಊರಿನ ಅರವತ್ತು ಎಪ್ಪತ್ತು ಜನ ಕೊಡಲಿ, ಬಡಿಗೆ, ಸೀಮೆ ಎಣ್ಣೆಯ ಡಬ್ಬಿ ಹಿಡಿದು ಬಂದರು. ಮುಂದೆ ನಡೆಯುತ್ತಿದ್ದವನ ತಲೆಯ ಮೇಲೆ ಬಿಳಿ ಟೋಪಿ, ಎಡಗೈಯಲ್ಲಿ ಮೂರು ಬಣ್ಣದ ಬಾವುಟ, ಬಲಗೈಯಲ್ಲಿ ಉರಿಯುವ ದೊಂದಿ. ಅವನು ಶಿವರಾಯ.

ಅಟ್ಟದ ಹೆಂಗಸರು ಕೂಗಿದ್ದರು. ಆ ದಿನವೂ ಕೂಗಿದ್ದು ಗಿಡಗ ಅಂತಲೇ. ದಂಡಿನವರು ಯಾವ ಬಣ್ಣದ ಬಾವುಟ ಹಿಡಿದಿದ್ದಾರೆಂದು ಅವರು ನೋಡಲು ಹೋಗಿರಲಿಲ್ಲ. ಗುಂಪು ಬರುವ ಹೊತ್ತಿಗೆ ಪಿಂಜಾರರ ಒಂಬತ್ತೂ ಮಾಳಿಗೆಯ ಮೇಲೆ ಹೆಂಗಸರು ನಿಂತಿದ್ದರು. ಕೆಳಗೆ ಓಣಿಯ ಬಾಯಿಗೆ ಅಡ್ಡಲಾಗಿ ಅಜ್ಜ ತನ್ನ ಬಂಡಿ ನಿಲ್ಲಿಸಿ ಅದರ ಮೇಲೆ ಕೂತಿದ್ದ.

ಗುಂಪು ನಿಂತಿತು. ಅವರು ಸಾಬರನ್ನು ಎದುರುನೋಡಿದ್ದರು. ಮಾಳಿಗೆಯ ಮೇಲೆ ಕುಂಕುಮ ವಿಭೂತಿಯ ಹೆಂಗಸರು ಕಲ್ಲು ಹಿಡಿದು ನಿಂತದ್ದು ಅವರಿಗೆ ಅರ್ಥವಾಗಲಿಲ್ಲ.

"ಬಂಡೀ, ಇಳಿ ಕೆಳಗ," ಎಂದು ಶಿವರಾಯ ಕೂಗಿದ. "ನಿನ್ನ ಗಂಡಗ ಹೊಡದೋರು ಇವರ ಮಂದಿ. ನಿನ್ನ ಸೇಡು ತೀರಿಸಾಕ ಬಂದೀವಿ."

"ನನ್ನ ಸೇಡು ನಿಮ್ಮ ಕೈಗಿ ಯಾರು ಕೊಟ್ರು ಗೌಡ್ರ?" ಅವಳ ದನಿ ಓಣಿಯ ಆ ತುದಿಗೆ ಕೇಳುತ್ತಿತ್ತು, ಹೊಲದಲ್ಲಿ ಕೂಗಿ ಪಳಗಿದ ಗಂಟಲು. "ನನ್ನ ಗಂಡನ ಹೆಣ ಮರದಿಂದ ಇಳಸಿದಾಕಿ ಈ ಮನಿ ಮೌಲಾಬಿ. ನೀವು ಅವತ್ತ ಕಟ್ಟಿ ಮ್ಯಾಲ ನಿಂತಿದ್ರಿ. ಚೀಟಿ ಬರದಾಂವ ಯಾರು ಅಂತ ಸಾಲಾರ ಸಾಯೂ ಮುಂದ ಹೇಳ್ಯಾನ. ಊರ ಮಂದಿ ಕೇಳ್ಯಾರ. ಕೇಳ್ರಿ ಬೇಕಾದ್ರ."

ಬಂದವರು ಶಿವರಾಯನ ಮುಖ ನೋಡಿದರು, ಆಮೇಲೆ ಅಜ್ಜನ ಮುಖ ನೋಡಿದರು.

"ಖರೇ ಅದ," ಅಂದ ಅಜ್ಜ. "ನಾ ಅಲ್ಲೇ ಇದ್ದೆ. ಲಿಂಗ ಮುಟ್ಟಿ ಹೇಳ್ತೀನಿ. ಸುಡಾಕ ಬಂದಿದ್ರ ಮೊದಲ ಇಂವನ ಮನಿ ಸುಡ್ರಿ. ಇಂವ ಬಂದಿದ್ದು ಲಾಡ್ಲೇಸಾಬನ ಬಾಯಿ ಮುಚ್ಚಸಾಕ."

ಶಿವರಾಯ ದೊಂದಿಯನ್ನು ಎಸೆಯಲು ಕೈ ಹಿಂದಕ್ಕೆ ಎತ್ತಿದ. ಅಷ್ಟರಲ್ಲಿ ಮಾಳಿಗೆಯ ಮೇಲೆ ಚಟ್ಟೆಂದಿತು. ಕಲ್ಲು ಅವನ ಬಲ ಮಣಿಕಟ್ಟಿಗೆ ಬಿತ್ತು. ಎಲುಬು ಮುರಿದ ಸದ್ದು ಬಂಡಿಯ ಮೇಲೆ ಕೂತ ಅಜ್ಜನಿಗೆ ಕೇಳಿಸಿತಂತೆ. ದೊಂದಿ ಅವನ ಕಾಲ ಬುಡದಲ್ಲೇ ಬಿದ್ದು ಆರಿತು. ಬಂಡಮ್ಮ ಇನ್ನೊಂದು ಕಲ್ಲು ಇಟ್ಟು ಅದೇ ಕೈಗೆ ಹೊಡೆದಳು. ಈ ಸಲ ಬೆರಳಿಗೆ.

ಹೊರಗಿನವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎಣ್ಣೆಯ ಡಬ್ಬಿಗಳನ್ನು ಅಲ್ಲೇ ಬಿಟ್ಟು ಹೋದರು. ಆ ವಾರ ಸುತ್ತಲಿನ ಊರುಗಳಲ್ಲಿ ಆಗಿದ್ದು ಕರಿಗುಂಟಾದಲ್ಲಿ ಆಗಲಿಲ್ಲ. ಒಂಬತ್ತು ಮನೆಯಲ್ಲಿ ಒಂದರ ಸೂರಿಗೂ ಬೆಂಕಿ ತಾಗಲಿಲ್ಲ.

"ತಲಿಗಿ ಯಾಕ ಹೊಡೀಲಿಲ್ಲ?" ಎಂದು ನಾನು ಬಂಡಮ್ಮನನ್ನು ಕೇಳಿದ್ದೆ. ನೌಕರಿ ಹಿಡಿದ ಮೇಲೆ ರಜೆಗೆ ಬಂದಾಗೊಮ್ಮೆ, ಅವಳ ಮನೆಯ ಮುಂದೆ ಕೂತು.

"ತಲಿಗಿ ಹೊಡದಿದ್ರ ಅವತ್ತ ಒಂದ ದಿನ ಸಾಯ್ತಿದ್ದ. ಚೀಟಿ ಬರದ ಕೈ ಅದು. ತಿನ್ನೂಮುಂದ, ತೊಳಕೊಳ್ಳೂಮುಂದ, ಅಂಗಿ ಹಾಕ್ಕೊಳ್ಳೂಮುಂದ ದಿನಾ ನೆನಪಾಗ್ಲಿ ಅಂತ ಹೊಡದೆ."

ಶಿವರಾಯನನ್ನು ಬಂಡಿಯಲ್ಲಿ ಹಾಕಿ ಜಹೀರಾಬಾದಿಗೆ ಒಯ್ದು ಫೌಜಿನವರಿಗೆ ಒಪ್ಪಿಸಿದರು. ಬಂಡಮ್ಮ ಬಂಡಿಯ ಹಿಂದೆ ನಾಲ್ಕು ಹರದಾರಿ ನಡೆದುಕೊಂಡೇ ಹೋದಳು. ಅವನು ತಿರುಗಿ ನೋಡಿದಾಗಲೆಲ್ಲ ತಾನು ಕಾಣಬೇಕು ಎಂದು. ಎಂಟು ತಿಂಗಳು ಜೇಲಿನಲ್ಲಿಟ್ಟರು. ಸತ್ತವನ ಮಾತು ಸಾಕ್ಷಿಯಾಗುವುದಿಲ್ಲ, ಪಿಂಜಾರನೊಬ್ಬನ ಮಾತು ಸಾಲುವುದಿಲ್ಲ ಎಂದು ಬಿಟ್ಟರು. ಅವನು ಊರಿಗೆ ಬಂದ. ಹೊಲ ಇತ್ತು, ಮನೆ ಇತ್ತು, ಬಂಧುಗಳಿದ್ದರು. ಐದಾರು ವರ್ಷದಲ್ಲಿ ಮದುವೆ ಮುಂಜಿಯಲ್ಲಿ ಅವನನ್ನು ಮುಂದಿನ ಸಾಲಿಗೆ ಕೂಡಿಸುವುದೂ ಶುರುವಾಯಿತು. ಅಜ್ಜ ಕೂಡ ಒಮ್ಮೆ ಅವನ ಮನೆಯ ಮದುವೆಗೆ ಹೋಗಿ ಬಂದ. ಬಂಡಮ್ಮ ಅಜ್ಜನ ಹೊಲ ಕಾಯುವುದನ್ನು ಅಂದಿನಿಂದ ಬಿಟ್ಟಳು. ಅಜ್ಜ ತಾನೇ ಕೇರಿಗೆ ಹೋಗಿ ಕರೆದ.

"ಬಾ ಬಂಡೀ. ಎಷ್ಟು ವರ್ಷ ಇಟ್ಕೊಂಡು ಕೂಡ್ತಿ?"

"ನಿಮ್ಮ ತಂಗಿಯವ್ವಗ ಜ್ವರ ಬಂದಿತ್ತೇನ್ರಿ ಮಾಲಕ್ರ?" ಅಂದಳು.

ಅಜ್ಜ ತಿರುಗಿ ಬಂದ. ಶಿವರಾಯನ ಮನೆಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.

ಶಿವರಾಯ ಸತ್ತದ್ದು ಹನ್ನೆರಡು ವರ್ಷದ ಮೇಲೆ, ವೈಶಾಖದಲ್ಲಿ. ನಮ್ಮ ಕಡೆ ಲಿಂಗವಂತರನ್ನು ಕುಣಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಕುಣಿ ತೋಡುವ ಕೆಲಸ ಮೊದಲಿನಿಂದಲೂ ಬಂಡಮ್ಮನ ಕೇರಿಯದು. ಗೌಡನ ಮನೆಯಿಂದ ಕರೆ ಬಂದಾಗ ಗಂಡಸರು ಸಲಿಕೆ ಹಾರೆ ತೆಗೆದುಕೊಂಡು ಎದ್ದರು. ಬಂಡಮ್ಮ ಕೇರಿಯ ಬಾಯಿಗೆ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು.

"ಹೋಗೋರು ನನ್ನ ದಾಟಿ ಹೋಗ್ರಿ," ಅಂದಳು.

ಯಾರೂ ದಾಟಲಿಲ್ಲ. ಗೌಡನ ಮನೆಯವರು ಎರಡನೆಯ ಸಲ ಕರೆ ಕಳಿಸಿದರು, ಮೂರನೆಯ ಸಲ ಹೆದರಿಸಿ ಕಳಿಸಿದರು. ಒಬ್ಬ ಮುದುಕ, "ಇಂಥಾ ಟೈಮಿನ್ಯಾಗ ಹಿಂಗ ಮಾಡಬಾರ್ದವ್ವ" ಅಂದ. ಮತ್ತೊಬ್ಬ, "ಸಾಯಮ್ಮನ ಕುಣಿ ತೋಡಿದ್ದೂ ನಾವ, ಅಂಜಪ್ಪಂದು ತೋಡಿದ್ದೂ ನಾವ. ಇವತ್ತ ಬ್ಯಾಡ" ಎಂದು ಹಾರೆಯನ್ನು ಗೋಡೆಗೆ ಒರಗಿಸಿದ. ಪಿಂಜಾರರೂ ಹೋಗಲಿಲ್ಲ. ಬೇರೆ ಊರಿನವರನ್ನು ಕೂಲಿಗೆ ಕರೆದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು, ಅವರೂ ಬರಲಿಲ್ಲ.

ಶಿವರಾಯನ ಇಬ್ಬರು ಮಕ್ಕಳು ಹೊಲದಲ್ಲಿ ತಾವೇ ಕುಣಿ ತೋಡಿದರು. ಎರೆ ಮಣ್ಣು, ಬೇಸಿಗೆಗೆ ಒಣಗಿ ಕಲ್ಲಾಗಿತ್ತು. ಹಾರೆ ಹಿಡಿದು ರೂಢಿಯಿಲ್ಲದ ಕೈಗಳು. ಮುಂಜಾನೆ ಶುರುಮಾಡಿದ್ದು ಮಧ್ಯಾಹ್ನಕ್ಕೆ ಮೊಣಕಾಲು ಮುಳುಗುವಷ್ಟು ಆಯಿತು. ಅಂಗಳದಲ್ಲಿ ಕೂಡಿಸಿದ ಹೆಣ ಬಿಸಿಲಿಗೆ ವಾಲುತ್ತಿತ್ತಂತೆ, ಎರಡು ಸಲ ಎತ್ತಿ ಕೂಡಿಸಿದರು. ಬಂಡಮ್ಮ ಹೊಲದ ಬದುವಿನ ಮೇಲೆ ಸೆರಗು ತಲೆಗೆ ಹೊದ್ದು ಕೂತು ನೋಡುತ್ತಿದ್ದಳು. ಮೌಲಾಬಿ ಬಂದು ಸ್ವಲ್ಪ ಹೊತ್ತು ಪಕ್ಕಕ್ಕೆ ಕೂತು ಎದ್ದು ಹೋದಳು. ಮಕ್ಕಳಲ್ಲಿ ಚಿಕ್ಕವನು ಒಮ್ಮೆ ಕೈ ಮುಗಿದ. ಅವಳು ಅಲ್ಲಾಡಲಿಲ್ಲ.

ಅವರದೇನು ತಪ್ಪಿತ್ತು ಎಂದು ನಾನು ಕೇಳಿದೆ.

"ಅವರದು ಏನೂ ಇರ್ಲಿಲ್ಲ," ಅಂದಳು. "ಅದಕ್ಕ ಅವರಿಗಿ ಕಲ್ಲು ಹೊಡೀಲಿಲ್ಲ. ಬರೇ ಕುಂತು ನೋಡಿದೆ. ಹೊತ್ತು ಮುಳಗೂ ಹೊತ್ತಿಗಿ ಮಣ್ಣ ಮುಚ್ಚಿದ್ರು. ನನಗ ಭಾಳ ಹಸಿವ್ಯಾಗಿತ್ತು. ಮನೀಗಿ ಬಂದು ಎರಡು ರೊಟ್ಟಿ ತಿಂದೆ, ಪುಂಡಿಪಲ್ಯ ಇತ್ತು."